ದ್ವೀಪದಲ್ಲಿ ಕುಣಿದ ಸಾವಿನ ಹೆಜ್ಜೆ

ದೊಡ್ಡಮ್ಮನ ಮಗ ವಿದೇಶಿ ಪ್ರವಾಸಿ ಹಡಗೊಂದರಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ರಜೆಗೆ ಬೆಟ್ಟದ ಮೇಲಿನ ನಮ್ಮೂರು ತುಮ್ಮನಟ್ಟಿಗೆ ಬಂದಾಗ ಹಡಗಿನವರು ತೆಗೆದ ಒಂದು ವಿಡಿಯೊ ಕ್ಯಾಸೆಟ್ ತಂದಿದ್ದ. ಹಿಂದಿನ ವರ್ಷ ದೊಡ್ಡಪ್ಪ ತೀರಿಕೊಂಡಾಗ ಹಡಗಿನವರು ಅವನನ್ನು ಕಳಿಸಿಕೊಟ್ಟಿರಲಿಲ್ಲ. ಟೀವಿಯ ಮುಂದೆ ದೊಡ್ಡಮ್ಮ, ಅಣ್ಣ, ನಾನು ಮೂವರೇ ಕೂತಿದ್ದೆವೆಂದು ನನ್ನ ನೆನಪು. ತಂಗಿ ತಾನೂ ಇದ್ದೆ ಎನ್ನುತ್ತಾಳೆ. ಅವಳು ಹೇಳುವುದೇ ಸರಿಯಿರಬಹುದು.

ಹಡಗಿನ ಕಂಪನಿಗೆ ಸ್ವಂತದ್ದೊಂದು ದ್ವೀಪವಿತ್ತು. ಅಲ್ಲಿ ಊರಿಲ್ಲ, ಮನೆಯಿಲ್ಲ. ಮರಳನ್ನೂ ಬೇರೆಲ್ಲಿಂದಲೋ ತಂದು ಸುರಿದಿದ್ದರಂತೆ. ಪ್ರವಾಸಿಗಳಿಗೆ ದ್ವೀಪದ ಜನ ಬೇಕಲ್ಲ, ಅದಕ್ಕೆ ಕಪ್ಪಗಿದ್ದ ಕೆಲಸದವರಿಗೆ ಹೂವಿನ ಅಂಗಿ ತೊಡಿಸಿ ದಡದಲ್ಲಿ ನಿಲ್ಲಿಸುತ್ತಿದ್ದರು.

“ಏನಣ್ಣಾ, ತೋಟದಲ್ಲಿ ಕ್ಯಾರೆಟ್ ಕೀಳ್ತಿದ್ದೋನು ದ್ವೀಪದ ರಾಜ ಆಗ್ಬಿಟ್ಯಾ?” ಎಂದೆ.

“ರಾಜಾನೇ. ಮಧ್ಯಾಹ್ನ ಮೂರರ ತನಕ. ಆಮೇಲೆ ತಟ್ಟೆ ಎತ್ತಬೇಕು.”

ನಕ್ಕೆವು. ಪರದೆಯ ಮೇಲೆ ಅರ್ಧ ತಿಂದ ಮಾಂಸದ ತಟ್ಟೆಗಳನ್ನು ಕಪ್ಪು ಚೀಲಗಳಿಗೆ ಸುರಿಯುತ್ತಿದ್ದರು. ಆಮೇಲೆ ಹೂವಿನ ಅಂಗಿಯವರು ಮರಳಲ್ಲಿ ವೃತ್ತವಾಗಿ ನಿಂತರು. ಮುಂದೆ ಅಣ್ಣ. ಅವನು ಕುಣಿಯತೊಡಗಿದ, ಉಳಿದವರು ಅವನ ಕಾಲು ನೋಡಿಕೊಂಡು ಹೆಜ್ಜೆ ಹಾಕಿದರು. ಎಣ್ಣೆ ಬಳಿದುಕೊಂಡು ಹೊಳೆಯುವ ಹೊಟ್ಟೆಯ ಒಬ್ಬ ಪ್ರವಾಸಿ ಒಳಗೆ ನುಗ್ಗಿ ಸೊಂಟ ಕುಣಿಸಿದ. ಅವನ ಕೈಯಲ್ಲಿ ಕುಡಿಯುವ ಲೋಟವಿತ್ತು. ಇತ್ತೇ? ನನ್ನ ಅಸಹ್ಯವೇ ಆಮೇಲೆ ಅದನ್ನು ಅವನ ಕೈಗೆ ಕೊಟ್ಟಿರಲೂಬಹುದು. ಸುತ್ತ ನಿಂತವರು ಚಪ್ಪಾಳೆ ತಟ್ಟಿ ಕೂಗಿದ್ದಂತೂ ನಿಜ.

ದೊಡ್ಡಮ್ಮ ಟೀವಿಯ ಹತ್ತಿರ ಸರಿದು ಕೇಳಿದಳು: “ದಾರ ಸತ್ತದು?”

ಯಾರು ಸತ್ತಿದ್ದಾರೆ ಎಂದು. ನಮ್ಮಲ್ಲಿ ಹೆಣ ಮಲಗಿಸಿದ ಮಂಚದ ಸುತ್ತ ನೆಂಟರಿಷ್ಟರು ಕುಣಿದೇ ಕಳಿಸಿಕೊಡುವುದು. ಅಣ್ಣ ಹಾಕಿದ್ದು ಆ ಹೆಜ್ಜೆಯನ್ನೇ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಣ್ಣ ಟೀವಿಯ ಸದ್ದು ಅಡಗಿಸಿದ. “ಅವ್ವೆ, ಸತ್ತದ್ದು ಅಪ್ಪ. ಸುದ್ದಿ ಬಂದ ದಿನ ಅದು. ದ್ವೀಪದವರ ಥರ ಏನಾದ್ರೂ ಕುಣಿ ಅಂದ ಮ್ಯಾನೇಜರು. ಕಾಲಿಗೆ ಬಂದದ್ದು ಅದೊಂದೇ.”

ದೊಡ್ಡಮ್ಮ ಪರದೆಯ ಮೇಲಿನ ಅವನ ಕಾಲುಗಳನ್ನೇ ನೋಡುತ್ತಿದ್ದಳು.

“ಜನಕ್ಕೆ ಹಿಡಿಸ್ತು,” ಎಂದ ಅಣ್ಣ. “ ಈಗ ಪ್ರತಿ ವಾರ ಅದೇ. ಸ್ವಾಗತದ ಡ್ಯಾನ್ಸು.”

“ಪ್ರತಿ ವಾರ ನಿನ್ನ ಅಪ್ಪನ್ನ ಸಾಯಿಸ್ತಿಯಾ?” ಎಂದಳು. “ಇನ್ನು ಕುಣೀಬೇಡ ಮಗಾ.”

“ಕುಣಿಯಲ್ಲ ಅಂದ್ರೆ ಕೆಲಸದಲ್ಲಿ ಇಟ್ಕೋತಾರೋ ಇಲ್ವೋ.”

“ಇಟ್ಕೊಳ್ಳದಿದ್ರೆ ಬಾ. ತೋಟ ಎಲ್ಲೂ ಓಡಿಹೋಗಿಲ್ಲ.”

ರಜೆ ಮುಗಿದು ಅವನು ಹಡಗಿಗೆ ಹೋದ. ಕುಣಿಯುವುದಿಲ್ಲ ಎಂದು ಹೇಳಿಯೂ ಹೇಳಿದ. ಅವರು ಅವನನ್ನು ಹಡಗಿನ ತಳದ ಅಡುಗೆಮನೆಗೆ, ಪಾತ್ರೆ ತೊಳೆಯಲು ಹಾಕಿದರು. ಕೆಲವು ತಿಂಗಳ ಮೇಲೆ ಊರಿನ ಟೆಲಿಫೋನ್ ಬೂತಿಗೆ ಕರೆ ಮಾಡಿದಾಗ ದೊಡ್ಡಮ್ಮ ಮೊದಲು ಕೇಳಿದ್ದು ಅದನ್ನೇ. ಕುಣಿಯುತ್ತಿಲ್ಲ ಎಂದು ತಿಳಿದು ಸಮಾಧಾನದಿಂದ ರಿಸೀವರನ್ನು ನನ್ನ ಕೈಗಿತ್ತಳು.

“ಅವ್ವೆಗೆ ಹೇಳ್ಬೇಡ,” ಎಂದ ಅಣ್ಣ. “ನಾನು ಕುಣಿದ ಕ್ಯಾಸೆಟ್ ಅವರ ಹತ್ರಾನೂ ಒಂದಿತ್ತು, ಅದನ್ನ ಹಾಕಿ ಬೇರೆ ಹುಡುಗರಿಗೆ ಕಲಿಸಿದ್ದಾರೆ. ಈ ವಾರವೂ ಕುಣಿದ್ರು.”

“ಏನಂತೆ?” ಎಂದು ದೊಡ್ಡಮ್ಮ ಪಕ್ಕದಿಂದ ಕೇಳಿದಳು.

ಅಲ್ಲಿ ಬಿಸಿಲು ಜೋರಂತೆ ಎಂದೆ.