ಸತ್ಯವತಿಯ ಅತ್ತೆ ಮೂರು ಸಲ ತೀರಿಕೊಂಡದ್ದು

ತುಂಗಾಬಾಯಿಯವರು ತೀರಿಕೊಂಡದ್ದು ಒಂದೇ ಸಲ. ಮೈಸೂರಿನ ಚಾಮುಂಡಿಪುರಂ ಮನೆಯಲ್ಲಿ, ಮಾಘ ಬಹುಳ ದ್ವಾದಶಿಯ ಬೆಳಿಗ್ಗೆ, ಏಕಾದಶಿಯ ಉಪವಾಸ ಮುಗಿಸಿ ಪಾರಣೆಗೆ ಕೂತು, ಎರಡು ತುತ್ತು ಬಾಯಿಗಿಟ್ಟು, “ಸತ್ಯಾ, ತೊವ್ವೆಗೆ ಉಪ್ಪು ಸಾಲ್ದು ಕಣೇ” ಎಂದವರು ಹಾಗೇ ಗೋಡೆಗೆ ಒರಗಿದರು. ಸೊಸೆ ಉಪ್ಪಿನ ಭರಣಿ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟು ನಡೆದದ್ದು. ಆದರೆ ಅಮೆರಿಕದ ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಕಡತವನ್ನು ನಂಬುವುದಾದರೆ, ಅದೇ ತುಂಗಾಬಾಯಿಯವರು 1985ರ ಫೆಬ್ರವರಿ ಹದಿನೈದರಂದು ಒಮ್ಮೆ, 86ರ ಮಾರ್ಚ್ ಆರರಂದು ಇನ್ನೊಮ್ಮೆ ಕಾಲವಾಗಿದ್ದರು. 87ರ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಮತ್ತೆ ಕಾಲವಾಗುವವರಿದ್ದರು, ಅದೂ ಎರಡು ವಾರ ಮುಂಚಿತವಾಗಿ ತಿಳಿಸಿ.

ತಪ್ಪು ಸತ್ಯವತಿಯದಲ್ಲ. ರಜಾ ಚೀಟಿಯಲ್ಲಿ ಕಾರಣ ಬರೆಯಲು ಕೊಟ್ಟಿದ್ದ ಜಾಗದ್ದು. ಯೂನಿಯನ್ ಸಿಟಿಯ ಮನೆ, ಮೆನ್ಲೋ ಪಾರ್ಕಿಗೆ ದಿನಾ ಕೊಲ್ಲಿಯ ಸೇತುವೆ ದಾಟಿ ಹೋಗುವ ಇಂಜಿನಿಯರ್ ಗಂಡ ರಘೋತ್ತಮ, ಶಾಲೆಗೆ ಹೋಗುವ ಮಗಳು ನಿರುಪಮಾ, ಇವರ ನಡುವೆ ಸುಮ್ಮನೆ ಕೂತಿರಲಾರದೆ ಅವಳು ಮಿಲ್ಪಿಟಾಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯಲ್ಲಿ ನೋಡಿ ಬೆಸುಗೆ ಸರಿಯಿದೆಯೇ ಎಂದು ಹೇಳುವ ಕೆಲಸ. ಕಲ್ಲು ಆರಿಸಿ ಅಕ್ಕಿ ಕೇರಿದ ಕಣ್ಣಿಗೆ ಅದೇನು ಕಷ್ಟ! ಮೊದಲ ವರ್ಷ ಅತ್ತೆಯ ತಿಥಿಗೆ ರಜಾ ಬೇಕಾದಾಗ ಅವಳು ಕಾನ್ವೆಂಟಿನ ದುಂಡಗಿನ ಅಕ್ಷರದಲ್ಲಿ ‘ಮದರ್-ಇನ್-ಲಾಸ್ ಡೆತ್ ಸೆರೆಮನಿ’ ಎಂದು ಬರೆಯಲು ಹೊರಟಳು. ಡೆತ್ ಬರುವಷ್ಟರಲ್ಲೇ ಗೆರೆ ಮುಗಿಯಿತು. ಸೆರೆಮನಿಗೆ ಜಾಗವಿರಲಿಲ್ಲ. ಅತ್ತೆಯವರ ಸಾವು ಸೆರೆಮನಿಯಿಂದ ಬಿಡುಗಡೆಯಾಗಿ ಬರೀ ಸಾವಾಗಿ ಉಳಿಯಿತು.

ಮಾರನೆಯ ವಾರ ಅವಳ ಮೇಜಿನ ಮೇಲೆ ಲಿಲ್ಲಿ ಹೂವಿನ ದೊಡ್ಡ ಗುಚ್ಛ, ಸಂತಾಪದ ಕಾರ್ಡು, ಅದರ ತುಂಬ ಸಹಿ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ತಬ್ಬಿಕೊಂಡರು. ಅಷ್ಟು ಪ್ರೀತಿಯ ಮಧ್ಯೆ “ಇಲ್ಲ, ಅವರು ಹೋಗಿ ಆರು ವರ್ಷವಾಯಿತು” ಅನ್ನುವುದು ಹೇಗೆ? ಹೂ ತಂದು ಅತ್ತೆಯ ಫೋಟೋದ ಮುಂದಿಟ್ಟಳು. ಎರಡನೆಯ ವರ್ಷ ಅದೇ ಚೀಟಿ, ಅದೇ ಗೆರೆ. ಈ ಸಲ ಹೂವಿಲ್ಲ, ಕಾರ್ಡು ಮಾತ್ರ. ಸಹಿಗಳೂ ತೆಳ್ಳಗಾಗಿದ್ದವು. ಮೂರನೆಯ ವರ್ಷ ಕಾರ್ಡಿನ ಬದಲು ಡಾರ್ಲೀನ್ ಬಂದಳು.

ಡಾರ್ಲೀನ್ ಭೂತಗನ್ನಡಿಯ ಮುಂದೆ ಸಾಲಾಗಿ ಕೂರುವ ಹೆಂಗಸರ ಸೂಪರ್‌ವೈಸರು. ಕೆಟ್ಟವಳಲ್ಲ, ಆದರೆ ಕಂಪನಿಯ ನಿಯಮಾವಳಿಯಲ್ಲಿ ಸದಾ ತಲ್ಲೀನ. ಸತ್ಯವತಿಯನ್ನು ಆ ಸಾಲಿನ ‘ಲೀಡ್’, ಅಂದರೆ ಮುಖ್ಯಸ್ಥೆ, ಮಾಡಬೇಕೆಂದು ಶಿಫಾರಸು ಬರೆದಿದ್ದವಳೂ ಅವಳೇ.

“ಸ್ಯಾಟ್ಯಾ, ನಿನಗೆ ಎಷ್ಟು ಜನ ಅತ್ತೆಯಂದಿರು?”

“ಒಬ್ಬರೇ.”

“ಅವರು ತೀರಿಕೊಂಡದ್ದು ಯಾವಾಗ?”

“ಎಂಟು ವರ್ಷದ ಹಿಂದೆ.”

ಡಾರ್ಲೀನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಹಾಗಾದರೆ ಇದೇನಿದು?”

“ಅದು ಪ್ರತಿ ವರ್ಷ ಬರುತ್ತೆ.”

“ಸಾವು?”

“ಹೌದು. ಬೇರೆ ಬೇರೆ ತಾರೀಖಿಗೆ. ಇಟ್ ಗೋಸ್ ಬೈ ದ ಮೂನ್.”

ಡಾರ್ಲೀನ್ ಒಂದು ಸಲ ಛಾವಣಿಯ ಕಡೆ ನೋಡಿದಳು, ಚಂದ್ರ ಅಲ್ಲೇ ಎಲ್ಲೋ ಇರಬಹುದು ಎಂಬಂತೆ. ಆಮೇಲೆ ದನಿ ತಗ್ಗಿಸಿದಳು. “ನೋಡು, ಮೊದಲನೇ ಸಲ ಅವರು ಹೋದದ್ದು ಪ್ರೆಸಿಡೆಂಟ್ಸ್ ಡೇ ಲಾಂಗ್ ವೀಕೆಂಡಿಗೆ ಮುಂಚಿನ ಶುಕ್ರವಾರ, ನಾಲ್ಕು ದಿನ ಸಾಲು ರಜಾ. ಪರ್ಸನಲ್ ವಿಭಾಗದವರು ಇದನ್ನ ಗಮನಿಸಿದಾರೆ. ಸುಳ್ಳು ಕಾರಣ ಕೊಟ್ಟು ರಜಾ ತಗೊಂಡವರನ್ನ ಲೀಡ್ ಮಾಡೋಕಾಗಲ್ಲ ಅಂತಾರೆ. ಈ ಸೋಮವಾರದ ರಜಾ ಮುಗಿಸಿ ಮಂಗಳವಾರ ಹೊಸ ಚೀಟಿ ಕೊಡು, ನಂಬೋ ಹಾಗಿರೋ ಕಾರಣ ಬರಿ.”

ಸುಳ್ಳು! ಸತ್ಯವತಿಗೆ ಲೀಡ್ ಕೈತಪ್ಪುವುದಕ್ಕಿಂತ ಆ ಮಾತು ಚುಚ್ಚಿತು. ಮನೆಯವರೆಗೂ ಫ್ರೀವೇಯಲ್ಲಿ ಅವಳ ಪಕ್ಕದ ಲೇನಿನವರೆಲ್ಲ ಅವಳನ್ನೇ ನೋಡಿ ಸುಳ್ಳಿ ಸುಳ್ಳಿ ಅಂದ ಹಾಗಾಯಿತು.

ರಘೋತ್ತಮ ಕೇಳಿ ನಕ್ಕುಬಿಟ್ಟ. “ಸಿಕ್ ಲೀವ್ ಅಂತ ಹಾಕು ಮಾರಾಯ್ತಿ. ಒಂದೇ ಪದ, ಜಾಗಕ್ಕೂ ಹಿಡಿಸುತ್ತೆ.”

“ನಿಮ್ಮಮ್ಮನ ತಿಥಿಗೆ ಸುಳ್ಳು ಬರೆದು ಬಂದು ಮಡಿಯಲ್ಲಿ ಅಡುಗೆ ಮಾಡೋದಾ? ನನ್ನ ಹೆಸರೇನೂಂತ ನೆನಪಿದೆಯಾ ನಿಮಗೆ?”

“ಹಾಗಾದ್ರೆ ಲೂನಾರ್ ಕ್ಯಾಲೆಂಡರ್ ಅಂತ ಬಿಡಿಸಿ ಹೇಳು.”

“ನಮ್ಮ ಮೈಸೂರಲ್ಲಿ ಲೂನಾ ಅಂದ್ರೆ ನಿಮ್ಮ ತಮ್ಮ ತುಳೀತಿದ್ದ ಗಾಡಿ. ಅದೂ ಹೀಗೇ, ದಿನಾ ಒಂದೊಂದು ಕಡೆ ನಿಲ್ತಿತ್ತು. ನಾನೇನಂತ ಬಿಡಿಸಿ ಹೇಳ್ಲಿ?”

ಶನಿವಾರ ರಘೋತ್ತಮನ ಗೆಳೆಯ ದ್ವಾರಕಾನಾಥ ಬಂದ. ವಾರದಲ್ಲಿ ಐದು ದಿನ ಇಂಜಿನಿಯರು, ಉಳಿದೆರಡು ದಿನ ಪುರೋಹಿತ. ಪ್ಯಾಂಟಿನ ಮೇಲೆ ಶಲ್ಯ ಹೊದ್ದು ಸ್ಟೇಷನ್ ವ್ಯಾಗನ್ನಿನಲ್ಲಿ ದರ್ಭೆ ಇಟ್ಟುಕೊಂಡು ಕೊಲ್ಲಿಯ ಎರಡೂ ದಡಗಳ ಪಿತೃಗಳನ್ನು ತೃಪ್ತಿಪಡಿಸುತ್ತಿದ್ದ. ವಿಷಯ ಕೇಳಿ ಅವನಿಗೆ ಅದೊಂದು ಸಮಸ್ಯೆಯೇ ಅನ್ನಿಸಲಿಲ್ಲ.

“ತಿಥಿ ಆ ವಾರದ ಶನಿವಾರಕ್ಕೆ ಹಾಕೋಣ ಅತ್ತಿಗೆ. ಯುಗಾದಿ ನಾವು ಮಾಡೋದು ಶಾಲೆ ಹಾಲ್ ಖಾಲಿ ಇರೋ ಶನಿವಾರ. ಗಣೇಶ ಬರೋದು ಲೇಬರ್ ಡೇ ವೀಕೆಂಡಿಗೆ. ಗಣಪತಿಯೇ ಅಡ್ಜಸ್ಟ್ ಮಾಡ್ಕೊಂಡಿದಾನೆ, ನಿಮ್ಮತ್ತೆ ಮಾಡ್ಕೊಳ್ಳಲ್ವೆ?”

“ಗಣಪತಿಗೆ ಸೊಸೆ ಇಲ್ಲ. ನಮ್ಮತ್ತೆ ಊಟಕ್ಕೆ ಹತ್ತು ನಿಮಿಷ ತಡವಾದ್ರೆ ತಟ್ಟೆ ಕುಟ್ಟೋರು. ನಾಲ್ಕು ದಿನ ಮುಂದಕ್ಕೆ ಹಾಕಿದ್ರೆ ಬಿಡ್ತಾರಾ?”

“ಅಯ್ಯೋ, ಈ ದೇಶದವರನ್ನ ನೋಡಿ. ಇವರ ವರ್ಷ ಪೂರ್ತಿ ಸೋಮವಾರದ ವ್ರತ! ಈಗ ಹೋದ ವರ್ಷ ಶುರುವಾಯ್ತಲ್ಲ ಆ ಗಾಂಧಿವಾದಿ ಕಿಂಗ್ ಅವರ ಜಯಂತಿ, ಅವರು ಹುಟ್ಟಿದ್ದು ಜನವರಿ ಹದಿನೈದು, ರಜಾ ಮೂರನೇ ಸೋಮವಾರ. ಫೆಬ್ರವರಿಯಲ್ಲಿ ವಾಷಿಂಗ್ಟನ್, ಸೋಮವಾರ. ಮೇ ತಿಂಗಳ ಮೆಮೋರಿಯಲ್ ಡೇ ಅಂದ್ರೆ ಇವರ ಮಹಾಲಯ, ಅದೂ ಸೋಮವಾರ. ಅಕ್ಟೋಬರಿನಲ್ಲಿ ಕೊಲಂಬಸ್. ಪಾಪ, ಇಂಡಿಯಾಕ್ಕೆ ಅಂತ ಹೊರಟು ಇಲ್ಲಿಗೆ ಬಂದ. ನಾವು ಇಲ್ಲಿಗೇ ಅಂತ ಹೊರಟು ಇಲ್ಲಿಗೇ ಬಂದ್ವಿ, ನಮಗೆ ಒಂದು ದಿನವೂ ರಜಾ ಇಲ್ಲ.”

“ಜುಲೈ ನಾಲ್ಕು?” ಎಂದ ರಘೋತ್ತಮ.

“ಸ್ವಾತಂತ್ರ್ಯದ ದಿನ ಒಂದೇ ಸ್ವತಂತ್ರವಾಗಿದೆ. ವೆಟರನ್ಸ್ ಡೇನೂ ಸೋಮವಾರಕ್ಕೆ ತಳ್ಳಿದ್ರು. ಹಳೇ ಸೈನಿಕರು ಗಲಾಟೆ ಮಾಡಿ ನವೆಂಬರ್ ಹನ್ನೊಂದಕ್ಕೇ ವಾಪಸ್ ತಂದ್ರು. ಥ್ಯಾಂಕ್ಸ್‌ಗಿವಿಂಗ್ ಮಾತ್ರ ಗುರುವಾರ. ರಾಯರ ದಿನ, ಅದನ್ನ ಮುಟ್ಟೋ ಧೈರ್ಯ ಯಾರಿಗೂ ಬರಲಿಲ್ಲ.”

“ಗಲಾಟೆ ಮಾಡಿದ್ರಲ್ಲ, ಆ ಸೈನಿಕರು ನಮ್ಮತ್ತೆ ಕಡೆಯವರು,” ಎಂದಳು ಸತ್ಯವತಿ. “ಇಪ್ಪತ್ತನಾಲ್ಕು, ಮಂಗಳವಾರ ದ್ವಾದಶಿ. ಮಂಗಳವಾರವೇ ತಿಥಿ. ನೀವು ಬರ್ತೀರೋ ಇಲ್ವೋ ಹೇಳಿ.”

ದ್ವಾರಕಾನಾಥ ತಲೆ ಕೆರೆದುಕೊಂಡ. “ಬರ್ತೀನಿ. ನಾನು ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಅಂತ ಹೇಳ್ತೀನಿ. ಇಷ್ಟು ವರ್ಷದ ತಿಥಿ ಲೆಕ್ಕದಲ್ಲಿ ನನ್ನ ಬಾಯಲ್ಲಿ ಒಂದು ಹಲ್ಲೂ ಉಳಿದಿರಬಾರದು.”

ಎಲ್ಲರೂ ನಕ್ಕರು. ಸತ್ಯವತಿ ನಗಲಿಲ್ಲ. ಎಲ್ಲರಿಗೂ ಒಂದೊಂದು ಸುಳ್ಳು ಸಲೀಸಾಗಿ ಒಗ್ಗಿತ್ತು. ತನಗೊಬ್ಬಳಿಗೇ ಸತ್ಯ ಹೇಳಿ ಸುಳ್ಳಿಯಾಗುವ ಯೋಗ.

ಸೋಮವಾರ ಪ್ರೆಸಿಡೆಂಟ್ಸ್ ಡೇ, ದ್ವಾರಕಾನಾಥ ಹೇಳಿದ್ದ ವಾಷಿಂಗ್ಟನ್ ಜಯಂತಿ. ರಜಾ. ಅಡುಗೆಮನೆ ಗೋಡೆಯಲ್ಲಿ ಎರಡು ಕ್ಯಾಲೆಂಡರುಗಳು ಅಕ್ಕಪಕ್ಕ ತೂಗುತ್ತಿದ್ದವು: ಊರಿಂದ ಬಂದ ಪಂಚಾಂಗದ ಕ್ಯಾಲೆಂಡರು, ಬ್ಯಾಂಕಿನವರು ಕೊಟ್ಟ ಅಮೆರಿಕನ್ ಕ್ಯಾಲೆಂಡರು. ಒಗ್ಗರಣೆ ಸಿಡಿದ ಕಲೆ ಒರೆಸುತ್ತಿದ್ದ ಸತ್ಯವತಿಯ ಕೈ ಬ್ಯಾಂಕಿನ ಕ್ಯಾಲೆಂಡರಿನ ಮೇಲೆ ನಿಂತಿತು. ಹದಿನಾರನೆಯ ತಾರೀಖಿನ ಚೌಕದಲ್ಲಿ ‘ವಾಷಿಂಗ್ಟನ್ಸ್ ಬರ್ತ್‌ಡೇ’. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಅಬ್ಸರ್ವ್ಡ್’. ಆರು ದಿನ ಆಚೆ, ಇಪ್ಪತ್ತೆರಡನೆಯ ತಾರೀಖಿನಲ್ಲಿ, ಮತ್ತೆ ‘ವಾಷಿಂಗ್ಟನ್ಸ್ ಬರ್ತ್‌ಡೇ’.

ದಿನವಿಡೀ ಭೂತಗನ್ನಡಿಯಲ್ಲಿ ಬೋರ್ಡು ಅಬ್ಸರ್ವ್ ಮಾಡುವವಳಿಗೆ ಮೊದಲು ಹೊಳೆದದ್ದು, ವಾಷಿಂಗ್ಟನ್ ಹುಟ್ಟುವುದನ್ನು ಹದಿನಾರರಂದು ಯಾರೋ ಕಣ್ಣಾರೆ ನೋಡಿದ್ದಾರೆ ಎಂದು. ಸೂಲಗಿತ್ತಿ ಇರಬಹುದು.

“ನಿರುಪಮಾ, ಈ ಮನುಷ್ಯ ಎರಡು ಸಲ ಹುಟ್ಟಿದನೇನೇ?”

ಮಗಳು ಟಿವಿಯಿಂದ ಕಣ್ಣು ಕೀಳದೆ ಹೇಳಿದಳು: “ಥ್ರೀ ಟೈಮ್ಸ್, ಅಮ್ಮಾ. ಆಗಿನ ಓಲ್ಡ್ ಕ್ಯಾಲೆಂಡರಲ್ಲಿ ಫೆಬ್ರವರಿ ಇಲೆವೆನ್ತ್. ಆಮೇಲೆ ಕ್ಯಾಲೆಂಡರ್ ಚೇಂಜ್ ಆಯ್ತು, ಟ್ವೆಂಟಿ-ಸೆಕೆಂಡ್. ಈಗ ಮಂಡೇ. ಇಟ್ಸ್ ಕಾಂಪ್ಲಿಕೇಟೆಡ್.”

“ಮತ್ತೆ ಈ ಅಬ್ಸರ್ವ್ಡು?”

“ದಟ್ಸ್ ವೆನ್ ಯು ಡೂ ಇಟ್. ನಾಟ್ ವೆನ್ ಇಟ್ ಹ್ಯಾಪನ್ಡ್.”

ಆಗ ಸತ್ಯವತಿಯ ಕಣ್ಣ ಮುಂದೆ ಬಂದದ್ದು ಮೈಸೂರಿನ ಕಾನ್ವೆಂಟಿನ ಕಾರಿಡಾರು, ಅಲ್ಲಿ ತೂಗುಹಾಕಿದ್ದ ‘ಅಬ್ಸರ್ವ್ ಸೈಲೆನ್ಸ್’ ಬೋರ್ಡು. ಮೌನವನ್ನು ಹೇಗೆ ನೋಡುವುದು ಎಂದು ಕೇಳಿದ್ದಕ್ಕೆ ಸಿಸ್ಟರ್ ಬೆನೆಡಿಕ್ಟಾ, ನೋಡುವುದಲ್ಲ ಹುಡುಗಿ, ಆಚರಿಸುವುದು ಎಂದು ಕಿವಿ ಹಿಂಡಿದ್ದರು. ನೆನೆದರೆ ಆ ಕಿವಿ ಈಗಲೂ ಬೆಚ್ಚಗಾಗುತ್ತಿತ್ತು. ಮೂರು ವರ್ಷದಿಂದ ಹುಡುಕುತ್ತಿದ್ದ ಪದ ಇಲ್ಲೇ, ಒಗ್ಗರಣೆಯ ಕಲೆಯ ಕೆಳಗಿತ್ತು. ಅದೂ ಎಷ್ಟು ಪುಟ್ಟದು!

ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ ಡಾರ್ಲೀನಳ ಮೇಜಿನ ಮೇಲೆ ಹೊಸ ಚೀಟಿ ಇಟ್ಟಳು. ಕಾರಣದ ಗೆರೆಯಲ್ಲಿ ಹಿಂದಿನಂತೆಯೇ ‘ಮದರ್-ಇನ್-ಲಾಸ್ ಡೆತ್’. ಅದರ ಕೆಳಗೆ, ಕ್ಯಾಲೆಂಡರಿನಲ್ಲಿದ್ದ ಹಾಗೇ ಸಣ್ಣಕ್ಷರದಲ್ಲಿ, ‘ಅಬ್ಸರ್ವ್ಡ್’.

ಡಾರ್ಲೀನ್ ಓದಿದಳು. ಮತ್ತೊಮ್ಮೆ ಓದಿದಳು. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ನಿನ್ನೆಯ ಚೌಕವನ್ನು ನೋಡಿ, ಮತ್ತೆ ಚೀಟಿ ನೋಡಿದಳು.

“ನಿಮ್ಮ ವಾಷಿಂಗ್ಟನ್‌ಗೆ ಮೂರು ತಾರೀಖು ಇವೆ,” ಎಂದಳು ಸತ್ಯವತಿ. “ಅವರು ಸುಳ್ಳೇ ಹೇಳದ ಮನುಷ್ಯ ಅಂತ ಮಕ್ಕಳಿಗೆ ಹೇಳಿಕೊಡ್ತೀರಿ. ನಮ್ಮತ್ತೆಗೂ ಮೂರು ತಾರೀಖಾಯ್ತು, ಅಷ್ಟೇ.”

ಡಾರ್ಲೀನ್ ನಗುತ್ತಾಳೆಂದುಕೊಂಡಿದ್ದಳು. ಅವಳು ನಗಲಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದಳು.

“ನಮ್ಮಪ್ಪ ಸ್ಯಾನ್ ಬ್ರೂನೋದಲ್ಲಿ, ಸೈನಿಕರ ಸ್ಮಶಾನದಲ್ಲಿದಾರೆ. ನಾನು ಚಿಕ್ಕವಳಾಗಿದ್ದಾಗ ಮೆಮೋರಿಯಲ್ ಡೇ ಅಂದರೆ ಮೇ ಮೂವತ್ತು. ಆಮೇಲೆ ಸೋಮವಾರ ಮಾಡಿದರು. ನಮ್ಮಮ್ಮ ಒಪ್ಪಲಿಲ್ಲ. ನಿಮ್ಮಪ್ಪನಿಗೆ ಮೂವತ್ತು ಅಂತಲೇ ಗೊತ್ತಿರೋದು, ಸೋಮವಾರ ಹೋದರೆ ಕಾಯ್ತಾ ಇರಲ್ಲ ಅಂತಾಳೆ. ಪ್ರತಿ ವರ್ಷ ಅವಳನ್ನ ಕರಕೊಂಡು ಹೋಗೋದು ನಾನೇ.”

“ಹೋದ ವರ್ಷ ಮೂವತ್ತು ಶುಕ್ರವಾರ ಅಲ್ವಾ ಬಂದದ್ದು?” ಎಂದಳು ಸತ್ಯವತಿ. ಮರುಕ್ಷಣವೇ ನೆನಪಾಯಿತು. ಆ ಶುಕ್ರವಾರ ಡಾರ್ಲೀನ್ ಬಂದಿರಲಿಲ್ಲ. ಫ್ಲೂ ಎಂದಿದ್ದಳು. ಇಡೀ ಸಾಲು ಸೇರಿ ‘ಗೆಟ್ ವೆಲ್’ ಕಾರ್ಡಿಗೆ ಸಹಿ ಹಾಕಿತ್ತು, ಸತ್ಯವತಿಯೂ.

ಡಾರ್ಲೀನಳ ಮುಖ ಕಿವಿಯ ತುದಿವರೆಗೆ ಕೆಂಪಾಯಿತು. “ಪರ್ಸನಲ್‌ಗೆ ಹೇಳಬೇಡ.”

“ಅವರು ಕೇಳಿದರೆ ಹೇಳ್ತೀನಿ,” ಎಂದಳು ಸತ್ಯವತಿ. “ಫ್ಲೂ, ಅಬ್ಸರ್ವ್ಡ್.”

ಆಗ ಬಂತು ನೋಡಿ ಡಾರ್ಲೀನಳಿಗೆ ನಗು. ಮುಚ್ಚಿದ ಬಾಗಿಲಾಚೆ ಇಡೀ ಸಾಲು ಭೂತಗನ್ನಡಿಯಿಂದ ತಲೆಯೆತ್ತಿತು. ಕಣ್ಣೊರೆಸಿಕೊಂಡು ಚೀಟಿಗೆ ಸಹಿ ಹಾಕಿದವಳು ಪರ್ಸನಲ್‌ನವರಿಗೆ ತಾನೇ ಹೋಗಿ ಏನು ಹೇಳಿದಳೋ, ಅವರು ಮತ್ತೆ ಚಂದ್ರನ ಸುದ್ದಿ ಎತ್ತಲಿಲ್ಲ.

ಮುಂದಿನ ಮಂಗಳವಾರ, ದ್ವಾದಶಿಯ ದಿನ ಸತ್ಯವತಿ ಮಡಿಯುಟ್ಟು ತುಂಗಾಬಾಯಿಯವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು. ತಿಥಿಯ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ಉಪ್ಪು ಹಾಕುವಾಗ ಪ್ರತಿ ವರ್ಷದಂತೆ ಕೈ ತಡೆಯಿತು. ಆಮೇಲೆ ಇನ್ನೊಂದು ಚಿಟಿಕೆ ಹೆಚ್ಚೇ ಬಿತ್ತು. ಒಂದೂ ಹಲ್ಲು ಕಳೆದುಕೊಳ್ಳದ ದ್ವಾರಕಾನಾಥ ವಡೆಯನ್ನು ಕಟಕಟನೆ ಕಡಿದು, ಎರಡನೆಯ ಸಲ ತೊವ್ವೆ ಕೇಳಿ ಹಾಕಿಸಿಕೊಂಡ. ರಘೋತ್ತಮ ಉಪ್ಪಿನ ಬಗ್ಗೆ ತುಟಿ ಬಿಚ್ಚಲಿಲ್ಲ, ನೀರು ಮಾತ್ರ ಪದೇ ಪದೇ ಕೇಳಿದ.

ಬುಧವಾರ ಕೆಲಸಕ್ಕೆ ಹೋದಾಗ ಮೇಜಿನ ಮೇಲೆ ಲಿಲ್ಲಿ ಹೂವಿನ ಗುಚ್ಛ, ಮೊದಲ ವರ್ಷದಷ್ಟೇ ದೊಡ್ಡದು. ಜೊತೆಗೆ ಕಾರ್ಡು. ‘ವಿತ್ ಡೀಪೆಸ್ಟ್ ಸಿಂಪಥಿ’ ಎಂದು ಚಿನ್ನದ ಅಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಡಾರ್ಲೀನಳ ಕೈಬರಹದಲ್ಲಿ, ಸಣ್ಣಗೆ, ‘ಅಬ್ಸರ್ವ್ಡ್’. ಇನ್ನೂ ಕೆಳಗೆ, ‘ಸೋಮವಾರದಿಂದ ನೀನೇ ಲೀಡ್’.

ಹೂ ಫೋಟೋದ ಮುಂದೆ ಹೋಯಿತು. ಚೌಕಟ್ಟಿನೊಳಗಿಂದ ತುಂಗಾಬಾಯಿಯವರು ಎಂದಿನಂತೆ ಅಡುಗೆಮನೆಯ ಕಡೆಗೇ ದಿಟ್ಟಿಸುತ್ತಿದ್ದರು.

“ಇದ್ದಷ್ಟು ದಿನ ನೀವು ನನ್ನನ್ನ ಅಬ್ಸರ್ವ್ ಮಾಡಿದ್ರಿ,” ಎಂದಳು ಸತ್ಯವತಿ, ಹೂವಿನ ಎಸಳು ಸರಿಪಡಿಸುತ್ತ. “ಈಗ ನನ್ನ ಸರದಿ, ಅತ್ತೆ.”