ಒಲೆ ಆರಿಸಿ ಒಣಗಿಸಿದ ಬೀಜದ ಜೋಳ

ಆ ಜೋಳ ಒಣಗಿಸಲಿಕ್ಕೆ ನನಗೆ ಬಿದ್ದ ಖರ್ಚು ಒಂದು ದಸರೆ. ವರ್ಷದಲ್ಲೇ ಹೆಚ್ಚು ರೊಟ್ಟಿ ಮಾರುವ ವಾರದಲ್ಲಿ ನನ್ನ ಒಲೆಗಳೆಲ್ಲ ಆರಿದ್ದವು. ಬೀಜಕ್ಕೆ ಬೆಂಕಿಯ ಕಾವು ಆಗಿಬರದು, ಅದಕ್ಕೇ ಆರಿಸಿದೆ. ವ್ಯವಹಾರದಲ್ಲಿ ನಾನು ಸುಮ್ಮನೆ ಏನೂ ಬಿಟ್ಟುಕೊಡುವವಳಲ್ಲ.

ಬೀದರದ ನೌಬಾದದಲ್ಲಿ ಒಂದು ತಗಡಿನ ಶೆಡ್ಡು, ಸಾಲು ಒಲೆ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳು: ಒಂದೇ ತವೆಯಿಂದ ಶುರು ಮಾಡಿ ನಾನು ಕಟ್ಟಿಕೊಂಡದ್ದು ಇಷ್ಟು. ಆ ವರ್ಷ ಮಂಜ್ರಾ ಹೊಳೆ ದಂಡೆ ಮೀರಿತು. ಜನವಾಡದಿಂದ ಔರಾದದ ಕಡೆಗೆ ಹೊರಟರೆ ಸೋಯಾ ನಿಂತಲ್ಲೇ ಕೊಳೆತಿತ್ತು, ತೊಗರಿ ಹಳದಿಯಾಗಿತ್ತು. ದೇಶದ ಗೋದಾಮಿನಲ್ಲಿ ಅಕ್ಕಿ, ಗೋಧಿ ಸಾಕಷ್ಟಿದೆ ಎಂದು ಟಿವಿಯವರು ಹೇಳುತ್ತಿದ್ದರು. ಇರಬಹುದು. ಆದರೆ ನಮ್ಮ ತಾಟಿಗೆ ಬೇಕಾದದ್ದು ಬಿಳಿಜೋಳ. ಅದು ಹಿಂಗಾರಿ ಬೆಳೆ. ನೀರು ಇಳಿದ ಮೇಲೆ ಯಾರಾದರೂ ಬಿತ್ತಿದರೆ ಮಾತ್ರ ಬರುತ್ತದೆ.

ಹಬ್ಬಕ್ಕೆ ಜೋಳ ಹುಡುಕಿಕೊಂಡು ಭಾಲ್ಕಿಯ ಬಜಾರಿಗೆ ಹೋದೆ. ಒಂದು ಅಡತಿ ಅಂಗಡಿಯ ಮುಂದೆ ಔರಾದ ಕಡೆಯ ಹೆಣ್ಣುಮಗಳೊಬ್ಬಳು ಚೀಲಗಳ ಮೇಲೆ ಕೂತಿದ್ದಳು. ವ್ಯಾಪಾರಿ ಚೀಲದೊಳಗೆ ಕೈಹಾಕಿ, "ಹಸೀ ಅದ. ದನಕ್ಕ ಹಾಕೋ ಜೋಳದ ರೇಟಿಗೆ ಕೊಡ್ತಿದ್ರ ಕೊಡು" ಅಂದ. ನಾನೂ ಒಂದು ಹಿಡಿ ತೆಗೆದು ನೋಡಿದೆ. ಕಾಳಿಗೆ ಬೂದಿ ಹತ್ತಿತ್ತು, ನಡುವೆ ಬೇವಿನ ಎಲೆ. ತಿನ್ನುವ ಜೋಳವನ್ನು ಹೀಗೆ ಯಾರೂ ಇಡುವುದಿಲ್ಲ.

"ಯಾಕ ತಂಗಿ, ಬೀಜದ ಜೋಳ ಮಾರ್ಲಾಕ ತಂದಿ?"

"ಮನ್ಯಾಗ ನೀರು ಹೊಕ್ಕಿತ್ತು ಅಕ್ಕಾ. ನಮ್ಮ ಓಣಿ ಮಂದೀದೆಲ್ಲಾ ಇದೇ ಬೀಜ. ಒಣಗಿಸ್ಲಾಕ ಬಿಸಲ ಎಲ್ಲದ? ಇನ್ನೆರಡು ದಿನ ಬಿಟ್ರ ಬೂಷ್ಟ ಹಿಡೀತದ."

ಅದು ಹೋದರೆ ಓಣಿಯ ಹೊಲಗಳೆಲ್ಲ ಬೀಳು. ನನ್ನ ತವೆಯೂ ಮುಂದಿನ ವರ್ಷ ಖಾಲಿ. ಲೆಕ್ಕ ನನಗೆ ತಕ್ಷಣ ಹೊಳೆಯಿತು.

"ಬೀದರದಾಗ ನನ್ನ ರೊಟ್ಟಿ ಶೆಡ್ಡದ, ಅಲ್ಲಿ ಒಣಗಿಸಿ ಕೊಡ್ತೇನಿ. ಬೆಳಿ ಬಂದ ಮ್ಯಾಲ ಮೊದಲ ನನ್ನ ಬಾಗಿಲಿಗೆ ತರಬೇಕು."

"ಭಾವ್?"

"ಅವತ್ತಿನ ಬಜಾರದ ಭಾವಿನ್ಯಾಗ ಸ್ವಲ್ಪ ಕಮ್ಮಿ."

"ಕಮ್ಮಿ ಯಾಕ? ಸ್ವಲ್ಪ ಜಾಸ್ತಿ ಕೊಡು. ಬೀದರದಾಗ ಜೋಳ ತಗೊಳ್ಳಾಕಿ ನೀ ಒಬ್ಬಾಕಿನೇ ಏನು?"

ಒದ್ದೆ ಚೀಲದ ಮೇಲೆ ಕೂತು ಹೀಗೆ ಚೌಕಾಸಿ ಮಾಡುವವಳು ನನಗೆ ಭಾಳ ಹಿಡಿಸಿದಳು. ಬಜಾರದ ಭಾವಿಗೇ ಮಾತು ಮುಗಿಯಿತು.

ಶೆಡ್ಡಿನಲ್ಲಿ ಒಂದೊಂದು ಚೀಲದ ಜೋಳ ಬೇರೆಬೇರೆ ಹರವುತ್ತಿದ್ದಂತೆ ನಮ್ಮ ಹೆಣ್ಣುಮಕ್ಕಳಲ್ಲಿ ಹಿರಿಯಾಕೆ, "ಅಕ್ಕೋರ, ಒಲಿ ಹಚ್ರಿ, ಸಂಜಿಗೇ ಒಣಗ್ತದ" ಅಂದಳು.

"ಒಣಗ್ತದ. ಆಮ್ಯಾಲ ಹೊಲದಾಗ ಏನು ಅರಳು ಬಿತ್ತತಿ?"

ಎಲ್ಲರೂ ನಕ್ಕರು. ಪಗಾರ ಕಡಿಯುವುದಿಲ್ಲ ಎಂದ ಮೇಲೆ ಇನ್ನೂ ಚೆನ್ನಾಗಿ ನಕ್ಕರು. ಮನೆಮನೆಯಿಂದ ಫ್ಯಾನು ತಂದರು, ಸರದಿಯ ಮೇಲೆ ಜೋಳ ಕೆದರಿದರು. ನನ್ನ ರೊಟ್ಟಿ ಒಯ್ಯುವ ಖಾನಾವಳಿಯವರು ಫೋನಿನಲ್ಲಿ, "ಐನ್ ಹಬ್ಬಕ್ಕ ಕೈಕೊಟ್ರಲ್ರಿ" ಎಂದು ರೇಗಿದರು. ಕೇಳಿಸಿಕೊಂಡೆ. ಹೊರಗೆ ಮಳೆ ಜಿಟಿಜಿಟಿ ಹತ್ತಿತ್ತು.

ಒಣಗಿದ ಮೇಲೆ ಒಂದೊಂದು ಚೀಲದಿಂದ ಒಂದೊಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಗಂಟು ಬಿಚ್ಚುವ ದಿನ ಬೀಜದವಳು ಔರಾದದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಗಂಟುಗಳನ್ನು ಅವಳು ನನ್ನ ಮುಂದೆ ಸರಿಸಿದಳು, ನಾನೇ ಬಿಚ್ಚಿದೆ. ಅವಳ ಮನೆಯಲ್ಲಿ ಎಲ್ಲಕ್ಕಿಂತ ಕೆಳಗೆ, ನೀರಿನಲ್ಲಿದ್ದ ಚೀಲದ ಕಾಳು ಸತ್ತಿತ್ತು. ಉಳಿದವುಗಳಲ್ಲಿ ಬಿಳೀ ಮೊಳಕೆ ದಟ್ಟವಾಗಿ ಎದ್ದಿತ್ತು. ಅವಳು ಬಟ್ಟೆಯನ್ನು ಮೂಗಿಗೆ ಹಿಡಿದು ವಾಸನೆ ನೋಡಿ, "ಸಾಕು ಅಕ್ಕಾ, ಓಣಿಗೆಲ್ಲಾ ಸಾಕು" ಅಂದಳು.

ಹೊಳೆ ಬಿಟ್ಟುಹೋದ ಹಸಿಯಲ್ಲೇ ಬಿತ್ತಿದರು. ಸುಗ್ಗಿಯಾದ ಮೇಲೆ ಅವಳ ಟೆಂಪೋ ನನ್ನ ಬಾಗಿಲಿಗೆ ಬಂತು. ಹಿಂದೆ ಓಣಿಯ ಇನ್ನೆರಡು ಮನೆಯವರ ಜೋಳವೂ ಇತ್ತು, ಅದನ್ನು ನಾನು ಕೇಳಿಯೇ ಇರಲಿಲ್ಲ. ರೇಗಿದ ಖಾನಾವಳಿಯವರೂ ಆ ಹೊತ್ತಿಗೆ ನನ್ನ ರೊಟ್ಟಿಗೆ ಮರಳಿದ್ದರು. ಹೊಸ ಜೋಳದ ಮೊದಲ ರೊಟ್ಟಿ ಮುರಿದು ನಾವೆಲ್ಲ ಪುಂಡಿಪಲ್ಯ ಹಚ್ಚಿಕೊಂಡು ತಿಂದೆವು. ಅವಳ ಋಣ, ಕೆದರಿದ ಕೈಗಳ ಋಣ ನನ್ನ ಮೇಲಿದೆ, ಇರಲಿ.

ಈಗ ನಿಮಗೊಂದು ಮಾತು. ಮನೆಗೆ ನೀರು ಹೊಕ್ಕರೆ ಮೊದಲು ಬೀಜದ ಚೀಲ ಬಿಚ್ಚಿರಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡಬೇಡಿರಿ. ತೆಳ್ಳಗೆ ಹರವಿ, ಫ್ಯಾನಿನ ಗಾಳಿಗೆ ಒಣಗಿಸಿ, ಮೇಲಿಂದ ಮೇಲೆ ಕೆದರಿರಿ. ಮೇಲಿನ ಚೀಲ, ಕೆಳಗಿನ ಚೀಲ ಒಂದರಲ್ಲೊಂದು ಕೂಡಿಸಬೇಡಿರಿ. ಹೊಲಕ್ಕೆ ಒಯ್ಯುವ ಮುಂಚೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿರಿ. ಅರ್ಧಕ್ಕರ್ಧ ಏಳದಿದ್ದರೆ ಬೇರೆ ಬೀಜ ಹುಡುಕಿರಿ. ಒಣಗಿಸಲಿಕ್ಕೆ ಜಾಗವಿಲ್ಲವೇ? ವ್ಯಾಪಾರಿಯ ಹತ್ತಿರ ಹೋಗುವ ಮೊದಲು ಕಲ್ಯಾಣ ಮಂಟಪದವರನ್ನೋ ಸಾಲಿ ಮಾಸ್ತರರನ್ನೋ ಬಾಯಿಬಿಟ್ಟು ಕೇಳಿರಿ.