‘ಶ್’ ಎಂಬ ಕ್ರಿಯಾಪದ

ಕಳೆದ ವಾರ ಹಳೆಯ ಹ್ಯಾಂಡ್‌ಬ್ಯಾಗನ್ನು ಎಸೆಯುವ ಮೊದಲು ಜಿಪ್ ಎಳೆದು ನೋಡಿದೆ. ಒಳಜೇಬಿನಲ್ಲಿ ಗೆರೆ ಹಾಕಿದ ಒಂದು ಕಾರ್ಡ್ ಇತ್ತು. ಮೂಗಿನ ಹತ್ತಿರ ತಂದರೆ ಇನ್ನೂ ನೀಲಗಿರಿ ಎಣ್ಣೆಯ ವಾಸನೆ… ಕೆಳಗಿನ ಮನೆ ಆಂಟಿ ಮಂಡಿಗೆ ಹಚ್ಚಿಕೊಂಡು, ಅದೇ ಕೈಯಲ್ಲಿ ಬರೆಯಲು ಕೂರುತ್ತಿದ್ದರು. ಕಾರ್ಡ್ ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಆಗ ನಾವು ಅಮೆರಿಕದ ಕರ್ಕ್‌ಲ್ಯಾಂಡಿನಲ್ಲಿದ್ದೆವು. ಗಂಡನ ವೀಸಾದ ಬಾಲ ಹಿಡಿದು ಬಂದ ನನಗೆ ಕೆಲಸ ಮಾಡುವ ಪರ್ಮಿಟ್ ಇರಲಿಲ್ಲ. ಮಾತಾಡಲು ಯಾವ ಪರ್ಮಿಟ್ಟೂ ಬೇಡವಾದ್ದರಿಂದ ದಿನಾ ಕಾಫಿ ಹೊತ್ತಿಗೆ ಆಂಟಿಯ ಮನೆಗೆ ಇಳಿಯುತ್ತಿದ್ದೆ. ಅವರು ಪ್ರಾಚೀನ ಈಜಿಪ್ಟಿನ ಭಾಷೆ ಓದಲು ಮೈಸೂರಿನಿಂದ ಬಂದವರು. ಓದು ಅರ್ಧಕ್ಕೇ ನಿಂತು, ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಗಂಡ ತೀರಿಕೊಂಡಿದ್ದರು, ಮಗ ಟೆಕ್ಸಾಸಿನಲ್ಲಿ. ಒಬ್ಬರೇ ಇರುವುದು ಅವರಿಗೆ ಇಷ್ಟವಾಗಿತ್ತು. ಯಾರಾದರೂ ‘ಪಾಪ’ ಎಂದರೆ ಉರಿದುಬೀಳುತ್ತಿದ್ದರು.

ನಿಂತುಹೋದ ಓದಿನಲ್ಲಿ ಅವರು ಬಿಡದೆ ಹಿಡಿದುಕೊಂಡದ್ದು ಒಂದೇ ಕ್ರಿಯಾಪದ, ರೆಖ್. ಬಾಯಿಯ ಚಿತ್ರ, ಅದರ ಕೆಳಗೆ ಜರಡಿಯಂಥ ದುಂಡು.

“ರೆಖ್ ಅಂದ್ರೆ ಮೊದ್ಲು ‘ಕಲಿ’ ಅಂತ ಕಣೇ. ‘ನಂಗೆ ಗೊತ್ತು’ ಅನ್ನೋಕೆ ಬೇರೆ ರೂಪ ಇಟ್ಕೊಂಡಿದ್ರು, ರೆಖ್‌ಕುಯಿ. ಕಲಿತು ಕೂತಿದೀನಿ ಅನ್ನೋ ಹಾಗೆ.”

“ಆಮೇಲೆ?”

“ಆಮೇಲೇನು, ಸವೀತು. ಈಜಿಪ್ಟಿನ ಕ್ರಿಶ್ಚಿಯನ್ನರ ಕಾಪ್ಟಿಕ್ ಭಾಷೆ ಬರೋ ಹೊತ್ತಿಗೆ ‘ರ’ ಬಿದ್ದುಹೋಯ್ತು, ‘ಖ’ ಹೋಗಿ ‘ಶ’ ಆಯ್ತು. ಉಳಿದಿದ್ದು ಬರೀ ಶ್. ಅರ್ಥಾನೂ ‘ಗೊತ್ತು’ ಹೋಗಿ ‘ಆಗುತ್ತೆ’ ಅಂತಾಯ್ತು. ಇನ್ನೊಂದು ಕ್ರಿಯಾಪದದ ತಲೆಗೆ ಶ್ ಅಂಟಿಸಿದ್ರೆ ಸಾಕು, ಹೋಗಬಲ್ಲೆ, ಮಾಡಬಲ್ಲೆ. ನಮ್ಮ ‘ಬಲ್ಲೆ’ ನೋಡು, ಎರಡು ಅರ್ಥಾನೂ ಇಟ್ಕೊಂಡಿದೆ!”

ನಾನು ಹೂಂಗುಟ್ಟುತ್ತಿದ್ದೆ. ಗಮನವೆಲ್ಲ ಕೋಡುಬಳೆ ಡಬ್ಬಿಯ ಮೇಲೆ. ಎಂಥ ದಡ್ಡಿ ನಾನು…

ಒಂದು ಮಾರ್ಚ್‌ನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಅಷ್ಟು ವರ್ಷದ ಇಂಗ್ಲಿಷ್ ಒಂದೇ ಬೆಳಗ್ಗೆ ಹೋಯಿತು. ಕನ್ನಡದಲ್ಲೂ ಬಿಡಿ ಬಿಡಿ ಪದಗಳಷ್ಟೇ. ಕಾಲು ಮಾತ್ರ ಬೇಗ ಸುಧಾರಿಸಿತು. ಮೂರು ವಾರದ ನಂತರ, ಅವರನ್ನು ಮನೆಗೆ ಕಳಿಸುವುದೋ ಕೇರ್ ಹೋಮಿಗೋ ಎಂದು ತೀರ್ಮಾನಿಸಲು ಆಸ್ಪತ್ರೆಯ ಒಬ್ಬ ಮಹಿಳೆ ಬಂದರು. ಫೋನಿನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಸಿಗಲಿಲ್ಲ. ಟೆಕ್ಸಾಸಿನಿಂದ ಬಂದಿದ್ದ ಮಗನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ನಾನೇ ಮುಂದೆ ಬಿದ್ದು, ಕೇಳಿ ಹೇಳುತ್ತೇನೆ ಎಂದೆ.

“ಆಂಟಿ, ಒಬ್ರೇ ನಡೆಯೋಕಾಗುತ್ತಾ?”

ಅವರ ತುಟಿ ಬಹಳ ಹೊತ್ತು ಒದ್ದಾಡಿತು. “ಶ್… ನಡಿ.”

“ಮನೇಲಿ ಒಬ್ರೇ ಇರೋಕಾಗುತ್ತಾ?”

“ಶ್… ಇರು.”

ಸುಮ್ಮನಿರು, ಆಚೆ ನಡಿ. ಸುಮ್ಮನಿರು, ತಾಳು. ನನಗೆ ಕೇಳಿಸಿದ್ದು ಹಾಗೆ, ಮಗನಿಗೂ ಹಾಗೇ. ಆಂಟಿಯ ಸಿಡುಕು ನಮಗೇನು ಹೊಸದೇ? ಅವರಿಗೆ ಸುಸ್ತಾಗಿದೆ, ಸುಮ್ಮನಿರಿ ಅನ್ನುತ್ತಿದ್ದಾರೆ ಎಂದು ಆ ಮಹಿಳೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನನ್ನಿಂದ ಅದೇ ಪ್ರಶ್ನೆ ಮತ್ತೆ ಕೇಳಿಸಿದರು. ಆಂಟಿ ನನ್ನ ಮಣಿಕಟ್ಟು ಹಿಡಿದು, ಕಣ್ಣು ತುಂಬಿಕೊಂಡು ಅದನ್ನೇ ಹೇಳಿದರು. ನಾನು ಅವರ ಕೈ ತಟ್ಟಿ, “ಆಯ್ತು ಆಂಟಿ, ಸುಮ್ನಿರ್ತೀವಿ” ಎಂದೆ. ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂದು ಆ ಮಹಿಳೆ ಬರೆದುಕೊಂಡರು.

ಅವತ್ತು ಮಧ್ಯಾಹ್ನ ಬಟ್ಟೆ ತರಲು ಅವರ ಮನೆಗೆ ಹೋದಾಗ ಮೇಜಿನ ಮೇಲೆ ಈ ಕಾರ್ಡ್ ಇತ್ತು. ಬಾಯಿ ಮತ್ತು ಜರಡಿಯ ಚಿತ್ರ, ಅದರ ಕೆಳಗೆ ಒಂಟಿ ಕಾಪ್ಟಿಕ್ ಅಕ್ಷರ, ಪಕ್ಕದಲ್ಲಿ ಕನ್ನಡದಲ್ಲಿ ‘ಶ್ = ಬಲ್ಲೆ’. ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ನಡೆಯಬಲ್ಲೆ. ಇರಬಲ್ಲೆ. ಆಂಟಿ ಅಂದದ್ದು ಅದು! ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಅಂದಿದ್ದರು. ನಾನು ಅವರ ಕೈ ತಟ್ಟಿದ್ದೆ.

ಮಗನಿಗೆ ಫೋನ್ ಮಾಡಿ, “ಅಮ್ಮ ಸುಮ್ನಿರಿ ಅನ್ಲಿಲ್ಲ, ಆಗುತ್ತೆ ಅಂದ್ರು. ದಯವಿಟ್ಟು ನಂಬಿ” ಎಂದು ಅತ್ತೆ. “ಪ್ಲೀಸ್… ಇಟ್ಸ್ ಜಸ್ಟ್ ಎ ಸೌಂಡ್” ಎಂದರು. ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದೆನೋ, ಅಂತೂ ಹತ್ತು ದಿನದ ಮೇಲೆ ಇನ್ನೊಂದು ಸಲ ಕೇಳಿ ನೋಡಲು ಒಪ್ಪಿದರು. ಅಷ್ಟರಲ್ಲಿ ಆಂಟಿಯನ್ನು ಡುವಾಲ್ ಎಂಬ ಊರು ದಾಟಿ ಒಂದು ಕೇರ್ ಹೋಮಿಗೆ ಸೇರಿಸಿಯಾಗಿತ್ತು.

ಕಾರ್ಡ್ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಒಬ್ರೇ ಇರೋಕಾಗುತ್ತಾ ಆಂಟಿ, ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬಾಯಿ ತೆರೆಯಲಿಲ್ಲ. “ನಂಗೀಗ ಅರ್ಥ ಆಗುತ್ತೆ, ಒಂದೇ ಒಂದ್ಸಲ ಅನ್ನಿ. ಶ್… ಶ್ ಅನ್ನಿ ಆಂಟಿ, ಶ್…” ಎಂದು ಅವರ ಕಾಲು ಹಿಡಿದುಕೊಂಡೆ. ಬಾಗಿಲಲ್ಲಿದ್ದ ನರ್ಸ್, ನಾನು ಅವರನ್ನು ಸುಮ್ಮನಿರಿಸುತ್ತಿದ್ದೇನೆಂದು ತಿಳಿದು, ಗದ್ದಲವೇನೂ ಇಲ್ಲವಲ್ಲ ಎಂದಳು. ಆಂಟಿ ಗೋಡೆ ಕಡೆ ತಿರುಗಿ ಮಲಗಿದರು.

ಆ ಚಳಿಗಾಲ ಅಲ್ಲೇ ತೀರಿಕೊಂಡರು. ನಾನು ಸರಿಯಾಗಿ ಕೇಳಿಸಿಕೊಂಡಿದ್ದರೂ ಮನೆಗೆ ಕಳಿಸುತ್ತಿದ್ದರೋ ಇಲ್ಲವೋ… ಆ ಸಮಾಧಾನವನ್ನು ಗಂಡ ಎಷ್ಟೋ ಸಲ ಹೇಳಿದ್ದಾನೆ. ನನಗೆ ಅದು ಒಂದು ದಿನವೂ ಹತ್ತಿಲ್ಲ.

ಮೊನ್ನೆ ಬೆಲ್ವ್ಯೂವಿನ ಒಂದು ಕ್ಲಿನಿಕ್ಕಿನಲ್ಲಿ ವಯಸ್ಸಾದ ಅಜ್ಜಿಯೊಬ್ಬರ ಮಾತು ತಿಳಿಯದೆ ಅಲ್ಲಿಯ ಹುಡುಗಿ ಒದ್ದಾಡುತ್ತಿದ್ದಳು. ನನ್ನ ಕಡೆ ತಿರುಗಿ, ಇವರದು ಕನ್ನಡವಂತೆ, ನಿಮಗೆ ಬರುತ್ತಾ ಎಂದು ಕೇಳಿದಳು. ಅಜ್ಜಿ ಆಸೆಯಿಂದ ನನ್ನನ್ನೇ ನೋಡುತ್ತಿದ್ದರು.

ಬರುವುದಿಲ್ಲ ಎಂದೆ.